ಹಸಿ ಕಸಕ್ಕೆ ಹುಳು ಬಿಡೋಣ ಅಂತಿದ್ದಾರೆ, ನಿಜವಾಗ್ಲೂ ಕೆಲಸ ಮಾಡುತ್ತಾ?

ಕಸದಸಮಿತಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್‌ನ ಹಸಿ ಕಸದ ಉಸ್ತುವಾರಿ ಈ ಸಲ ನನ್ನ ತಲೆಗೆ ಕಟ್ಟಿದ್ದಾರೆ. (ಮೀಟಿಂಗ್ ತಪ್ಪಿಸಿಕೊಂಡವರಿಗೆ ಸಿಗೋ ಬಹುಮಾನ ಇದು.) ದಿನಕ್ಕೆ ಹೆಚ್ಚೂಕಡಿಮೆ 60 ಕೆಜಿ ಬರುತ್ತೆ. ತರಕಾರಿ ಸಿಪ್ಪೆ, ಕೊಳೆತ ಹಣ್ಣು, ಮಿಕ್ಕ ಅನ್ನ, ತಟ್ಟೇಲಿ ಬಿಟ್ಟಿದ್ದು, ಮಾಂಸದ ಚೂರು, ಎಲ್ಲಾ ಕಲೆಸಿಕೊಂಡು. ಈಗಿರೋ ಕಾಂಪೋಸ್ಟ್ ತೊಟ್ಟಿ ಸಾಲ್ತಿಲ್ಲ, ನಾತ ಬೇರೆ.

ಒಬ್ಬರು ಬಂದು ‘ಬ್ಲ್ಯಾಕ್ ಸೋಲ್ಜರ್ ಫ್ಲೈ’ ಅನ್ನೋ ನೊಣದ ಹುಳು ಬಿಡೋಣ, ಎರಡು ವಾರದಲ್ಲಿ ಕಸ ಮಾಯ, ಹುಳು ಕೋಳಿಗೂ ಮೀನಿಗೂ ಮೇವು, ಉಳಿದದ್ದು ಗೊಬ್ಬರ ಅಂತ ವಿಡಿಯೋ ತೋರಿಸಿದ್ರು. ಕೂತಿದ್ದವರಲ್ಲಿ ಅರ್ಧ ಜನ ಮುಖ ಕಿವುಚಿದ್ರು, ಇನ್ನರ್ಧ ಜನ ನಾಳೆಯೇ ಶುರು ಮಾಡಿ ಅಂದ್ರು. ನಿಜವಾಗಿ ಮಾಡಿ ನೋಡಿದವರು ಯಾರಾದ್ರೂ ಇದ್ದೀರಾ? ವಾಸನೆ, ನೊಣದ ಕಾಟ, ಹುಳು ಏನು ಮಾಡೋದು, ಇವಿಷ್ಟು ಗೊತ್ತಾದ್ರೆ ಸಾಕು.

ಸುಮ್ನೆಕೇಳ್ದೆ

ನೊಣ ಹೋಗ್ಲಿ ಅಂತ ಔಷಧಿ ಹೊಡೆಸೋದು ಒಂದು ಕಡೆ, ನೊಣ ಸಾಕೋದು ಇನ್ನೊಂದು ಕಡೆ. ಚೆನ್ನಾಗಿದೆ ನಿಮ್ಮ ಸಮಿತಿ 😂

ಮಹಡಿತೋಟ

ನಗಬೇಡಿ, ನಮ್ಮ ಮಹಡಿ ಮೇಲಿನ ಡ್ರಮ್ಮಿಗೆ ಅವು ಯಾರೂ ಕರೆಯದೇ ಬಂದು ಸೇರಿಕೊಂಡಿವೆ. ಕಾಂಪೋಸ್ಟ್ ಮಾಡೋರ ಡಬ್ಬದಲ್ಲಿ ದಪ್ಪ, ಚಪ್ಪಟೆ, ಬೂದು-ಕಂದು ಬಣ್ಣದ, ಮುಟ್ಟಿದ್ರೆ ಚರ್ಮದ ಹಾಗೆ ಗಟ್ಟಿಯಾಗಿರೋ ಹುಳು ಕಂಡು ಹೆದರಿ ಸುಣ್ಣ ಸುರಿದವರು ಇಲ್ಲೇ ಸುಮಾರು ಜನ ಇರ್ತಾರೆ. ಅದೇ ಇದು.

ತಿನ್ನೋ ವೇಗ ಮಾತ್ರ ನೋಡಿದವರಿಗೇ ಗೊತ್ತು. ರಾತ್ರಿ ಒಂದು ಹಾಳಾದ ಪಪ್ಪಾಯ ಹಾಕಿದ್ರೆ ಬೆಳಿಗ್ಗೆ ತೆಳ್ಳನೆ ಸಿಪ್ಪೆ ಮಾತ್ರ. ಮುಚ್ಚಳ ತೆಗೆದು ಕಿವಿ ಕೊಟ್ಟರೆ ಒಳಗಿಂದ ಸರಸರ, ಪಟಪಟ ಅಂತ ಸದ್ದು ಬರುತ್ತೆ. ಕೈ ಇಟ್ಟರೆ ಬಿಸಿ! ಅಷ್ಟೊಂದು ಹುಳು ಒಟ್ಟಿಗೆ ಮಿಸುಕಾಡಿ ತಿನ್ನುವಾಗ ಕಾವು ಏರುತ್ತೆ.

ವಾಸನೆ ಬಗ್ಗೆ: ತಾಜಾ ಕಸ ಹಾಕಿ, ಅವಕ್ಕೆ ತಿನ್ನೋಕಾಗುವಷ್ಟೇ ಹಾಕಿದ್ರೆ ಒಂಥರಾ ಹುಳಿ-ಮಣ್ಣಿನ ವಾಸನೆ, ಅಷ್ಟೇ. ಜಾಸ್ತಿ ಸುರಿದ್ರೋ, ನೀರು ನಿಲ್ತೋ, ಆಮೇಲೆ ಮಾತಾಡೋ ಹಾಗಿಲ್ಲ.

ಕೀಟಪುರಾಣ

ಒಳ್ಳೆ ಪ್ರಶ್ನೆ. ಮೊದಲು ಈ ನೊಣ ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳೋಣ, ಯಾಕಂದ್ರೆ ಅರ್ಧ ಜಗಳ ‘ನೊಣ’ ಅನ್ನೋ ಹೆಸರಿಗೇ ಆಗುತ್ತೆ.

ವೈಜ್ಞಾನಿಕ ಹೆಸರು ಹರ್ಮೀಷಿಯಾ ಇಲ್ಯೂಸೆನ್ಸ್. 1758ರಲ್ಲೇ ಲಿನಿಯಸ್ ಹೆಸರಿಟ್ಟಿದ್ದು. ಮೂಲ ಅಮೆರಿಕ ಖಂಡ, ಈಗ ಬಿಸಿಲು ಇರೋ ಎಲ್ಲಾ ಕಡೆ ಹರಡಿದೆ. ನೋಡೋಕೆ ಕಣಜದ ಹಾಗೆ ಕಪ್ಪಗೆ, ಉದ್ದಕ್ಕೆ ಇರುತ್ತೆ, ಆದ್ರೆ ಕುಟುಕಲ್ಲ, ಕಚ್ಚಲ್ಲ. ಹೊಟ್ಟೆಯ ಬುಡದಲ್ಲಿ ಎರಡು ಪಾರದರ್ಶಕ ಚುಕ್ಕೆ ಇರುತ್ತೆ, ಬೆಳಕಿಗೆ ಹಿಡಿದ್ರೆ ಆರಪಾರ ಕಾಣುತ್ತೆ. ಕಾಲಿನ ತುದಿ ಬಿಳಿ.

ಬದುಕಿನ ಸುತ್ತು ಹೀಗೆ: ಹೆಣ್ಣು ಒಂದೇ ಕಂತಿನಲ್ಲಿ ಸುಮಾರು 500 ಮೊಟ್ಟೆ ಇಡುತ್ತೆ. ಕಸದ ಮೇಲೆ ಅಲ್ಲ, ಕಸದ ಹತ್ತಿರ ಇರೋ ಒಣ ಸಂದಿಯಲ್ಲಿ. ಸುಮಾರು 4 ದಿನಕ್ಕೆ ಮರಿ. ಬೆಚ್ಚಗಿದ್ದು, 27ರಿಂದ 30 ಡಿಗ್ರಿ ಸಿಕ್ಕರೆ, ಎರಡು ವಾರ ಚಿಲ್ಲರೆ ತಿಂದು ಬೆಳೆಯುತ್ತೆ. ಮೇವು ಕಡಿಮೆ ಆದ್ರೆ, ಚಳಿ ಆದ್ರೆ ಅದೇ ಹುಳು ತಿಂಗಳುಗಟ್ಟಲೆ ಎಳೆಯುತ್ತೆ. ಬೆಳೆದ ಮೇಲೆ ಕೆನೆ ಬಣ್ಣ ಹೋಗಿ ಗಾಢ ಕಂದು ಆಗುತ್ತೆ, ತಿನ್ನೋದು ನಿಲ್ಲಿಸಿ, ಒಣ ಕತ್ತಲ ಜಾಗ ಹುಡುಕಿಕೊಂಡು ತಾನೇ ಕಸದಿಂದ ಆಚೆ ತೆವಳುತ್ತೆ. ಸಾಕೋರಿಗೆ ಬೇಕಾದ್ದು ಇದೇ ಗುಣ. ತೊಟ್ಟಿಗೆ ಒಂದು ಇಳಿಜಾರು ಹಲಗೆ ಇಟ್ರೆ ಹತ್ತಿಕೊಂಡು ಬಂದು ಬಕೆಟ್‌ಗೆ ತಾವೇ ಬೀಳ್ತವೆ. ಆರಿಸೋ ಕೂಲಿ ಇಲ್ಲ.

ದೊಡ್ಡ ನೊಣಕ್ಕೆ ಬಾಯೇ ಇಲ್ಲ, ಏನೂ ತಿನ್ನಲ್ಲ. ಹಾಗಾಗಿ ಊಟದ ಮೇಲೆ ಬಂದು ಕೂರೋ ಪ್ರಶ್ನೆ ಇಲ್ಲ.

ಮೈಕ್ರೋಸ್ಕೋಪು

@ಕೀಟಪುರಾಣ ಸರ್, ‘ಬಾಯೇ ಇಲ್ಲ’ ಅನ್ನೋದು ಎಲ್ಲಾ ಕಡೆ ಓಡಾಡ್ತಿರೋ ಮಾತು, ಆದ್ರೆ ಸರಿ ಇಲ್ಲ. ಹೀರೋ ಥರದ ಬಾಯಿ ಇದೆ, ಜೀರ್ಣಾಂಗವೂ ಕೆಲಸ ಮಾಡುತ್ತೆ. ಸಕ್ಕರೆ ನೀರು ಕೊಟ್ಟರೆ ಕುಡಿದು ಜಾಸ್ತಿ ದಿನ ಬದುಕುತ್ತೆ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಬದುಕೋಕೆ ಆಗುತ್ತೆ, ಅದಕ್ಕೇ ತಿನ್ನಲೇಬೇಕು ಅಂತಿಲ್ಲ.

ಕೀಟಪುರಾಣ

ಒಪ್ಪಿದೆ. ಆದ್ರೂ ನಿಮ್ಮ ಊಟದ ತಟ್ಟೆ ಅದಕ್ಕೆ ಬೇಡ ಅನ್ನೋದು ಬದಲಾಗಲ್ಲ. ಮನೆ ನೊಣದ ಹಾಗೆ ಮನೆಯೊಳಗೆ ನುಗ್ಗಿ ಕಸದಿಂದ ಅನ್ನಕ್ಕೆ, ಅನ್ನದಿಂದ ಕಸಕ್ಕೆ ಓಡಾಡೋ ಜಾತಿ ಅಲ್ಲ. ಮರೆತಿದ್ದೆ, ಇನ್ನೊಂದು ವಿಷಯ: ಈ ಹುಳು ತುಂಬಿರೋ ಕಡೆ ಮನೆ ನೊಣ ಮೊಟ್ಟೆ ಇಡೋದು ಕಡಿಮೆ. ಕೋಳಿ ಗೊಬ್ಬರದಲ್ಲಿ ಇದನ್ನ 1959ರಷ್ಟು ಹಿಂದೆಯೇ ಗಮನಿಸಿ ಬರೆದಿದ್ದಾರೆ.

ಸುಮ್ನೆಕೇಳ್ದೆ

ಅಂದ್ರೆ ನೊಣ ಓಡಿಸೋಕೆ ನೊಣ. ಸರಿ ಮುಂದುವರಿಸಿ.

ಕೆಳಮನೆ

ಮನೆ ನೊಣ ಕಡಿಮೆ ಆಗಬಹುದು, ಆದ್ರೆ ಹಣ್ಣಿನ ನೊಣ? ಆ ಸಣ್ಣವು ಮುಖದ ಸುತ್ತ ಗುಂಯ್ ಅನ್ನೋವು. ನಮ್ಮ ಪಕ್ಕದಲ್ಲಿ ಒಬ್ಬರು ಇದನ್ನ ಮಾಡ್ತಾರೆ, ಅವರ ತೊಟ್ಟಿ ಮುಚ್ಚಳ ತೆಗೆದ್ರೆ ನಮ್ಮ ಕಿಟಕಿ ಮುಚ್ಚಬೇಕು.

ಮಹಡಿತೋಟ

ಅದು ಹೌದು. ಹೊಸ ಕಸದ ಮೇಲೆ ಒಣ ಪದಾರ್ಥ ಒಂದು ಪದರ ಉದುರಿಸಿದ್ರೆ ಬಹಳ ಕಡಿಮೆ ಆಗುತ್ತೆ. ಹೊಟ್ಟು, ಮರದ ಪುಡಿ, ಒಣ ಎಲೆ ಏನಾದ್ರೂ. ನಿಮ್ಮ ಪಕ್ಕದವರಿಗೆ ಹೇಳಿ ನೋಡಿ, ಜಗಳಕ್ಕಿಂತ ಹೊಟ್ಟು ಅಗ್ಗ.

ಲೆಕ್ಕದಪುಸ್ತಕ

ವಿಡಿಯೋ ನೋಡಿ ಉಬ್ಬಿ ಹೋಗೋ ಮೊದಲು 60 ಕೆಜಿಗೆ ಲೆಕ್ಕ ಹಾಕೋಣ. ಸ್ವಿಟ್ಜರ್ಲೆಂಡ್‌ನ ಈವಾಗ್ ಸಂಸ್ಥೆಯವರು 2017ರಲ್ಲಿ ಹಂತ ಹಂತವಾಗಿ ಕೈಪಿಡಿ ಬರೆದಿದ್ದಾರೆ. ಅವರ ಅಂದಾಜು ಸೂತ್ರ: ಒಂದು ಕ್ರೇಟಿಗೆ 5 ದಿನದ 10,000 ಮರಿಹುಳು, 12 ದಿನದಲ್ಲಿ ಒಟ್ಟು 15 ಕೆಜಿ ಹಸಿ ಕಸ.

60 ಕೆಜಿ ಅಂದ್ರೆ ದಿನಕ್ಕೆ 4 ಕ್ರೇಟಿನಷ್ಟು ಕೆಲಸ. 12 ದಿನದ ಸುತ್ತು ಅಂದ್ರೆ ಯಾವಾಗ ನೋಡಿದ್ರೂ 48 ಕ್ರೇಟ್ ನಡೀತಾ ಇರಬೇಕು. ಪ್ರತಿ ದಿನ 40,000 ಮರಿಹುಳು ಬೇಕು. ಕೀಟಪುರಾಣ ಅವರು ಹೇಳಿದ 500 ಮೊಟ್ಟೆ ಲೆಕ್ಕದಲ್ಲಿ ಒಂದೂ ಹಾಳಾಗದೇ ಇದ್ರೂ ದಿನಕ್ಕೆ 80 ತಾಯಿ ನೊಣ. ಹಾಳಾಗೇ ಆಗುತ್ತೆ, ಎರಡರಷ್ಟು ಇಟ್ಟುಕೊಳ್ಳಿ.

ಈಗ ಬರೋದು ಎಷ್ಟು? ಒಂದು ಕ್ರೇಟಿಗೆ ಸುಮಾರು 2ರಿಂದ 2.5 ಕೆಜಿ ಹುಳು. ದಿನಕ್ಕೆ 8ರಿಂದ 10 ಕೆಜಿ ಆಯ್ತು. ಅದರಲ್ಲಿ ಮೂರನೇ ಎರಡು ಭಾಗ ನೀರು. ಒಣಗಿಸಿದ್ರೆ 3 ಕೆಜಿ ಆಸುಪಾಸು. ಒಣ ತೂಕದಲ್ಲಿ 40% ಪ್ರೋಟೀನ್ ಅಂತ ಹಿಡಿದ್ರೆ 1.2 ಕೆಜಿ, 30% ಕೊಬ್ಬು ಅಂತ ಹಿಡಿದ್ರೆ 1 ಕೆಜಿ ಹತ್ತಿರ.

ಹಾಗಾಗಿ 60 ಕೆಜಿ ಕಸಕ್ಕೆ ಒಂದು ಕೆಜಿ ಚಿಲ್ಲರೆ ಪ್ರೋಟೀನ್. ಕಸ ಕರಗೋದು ನಿಜ. ಕಸದಿಂದ ‘ಬಂಗಾರ’ ಬರುತ್ತೆ ಅನ್ನೋದು ಸುಳ್ಳು.

ಹೊಸಬ್ಬ

ಅಷ್ಟೇನಾ? ಉಳಿದ 50 ಕೆಜಿ ಎಲ್ಲಿ ಹೋಯ್ತು?

ಲೆಕ್ಕದಪುಸ್ತಕ

ಅದರಲ್ಲಿ ಬಹುಪಾಲು ಮೊದಲಿಗೇ ನೀರು. ಹಸಿ ಕಸದಲ್ಲಿ 75% ನೀರು ಇದ್ರೆ 60ರಲ್ಲಿ ಒಣ ಪದಾರ್ಥ ಬರೀ 15 ಕೆಜಿ. ಆ 15ರಲ್ಲಿ 3 ಕೆಜಿ ಹುಳುವಿನ ಮೈಗೆ ಸೇರ್ತು. ಒಂದಿಷ್ಟು ಹುಳು ಮತ್ತು ಸೂಕ್ಷ್ಮಜೀವಿಗಳ ಉಸಿರಾಟದಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೋಯ್ತು. ಮಿಕ್ಕಿದ್ದು ತಳದಲ್ಲಿ ಹಿಕ್ಕೆ, ನಾರು. ಹಾಗೆ ನೋಡಿದ್ರೆ 15ಕ್ಕೆ 3 ಕೆಟ್ಟದ್ದೇನಲ್ಲ. ಕಾಂಪೋಸ್ಟ್‌ನಲ್ಲಿ ಈ 3 ಕೂಡ ಮೇವಾಗಿ ಸಿಗಲ್ಲ.

ಮೈಕ್ರೋಸ್ಕೋಪು

ಆ 40% ಕೂಡ ಸ್ವಲ್ಪ ಉಬ್ಬಿಸಿದ್ದು. ಪ್ರೋಟೀನ್ ಅಳೆಯೋದು ಸಾರಜನಕ ಅಳೆದು 6.25ರಿಂದ ಗುಣಿಸಿ. ಹುಳುವಿನ ಚರ್ಮದಲ್ಲಿರೋ ಕೈಟಿನ್‌ನಲ್ಲೂ ಸಾರಜನಕ ಇದೆ, ಅದೂ ಲೆಕ್ಕಕ್ಕೆ ಸೇರಿಬಿಡುತ್ತೆ. ಅದಕ್ಕೇ ಈ ಹುಳುಗಳಿಗೆ 4.76 ಬಳಸಬೇಕು ಅಂತ 2017ರಲ್ಲಿ ಸಂಶೋಧಕರು ತೋರಿಸಿದ್ರು. ಪ್ಯಾಕೆಟ್ ಮೇಲೆ ಇನ್ನೂ 6.25ರ ಅಂಕಿಯೇ ಕಾಣುತ್ತೆ. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಲೆಕ್ಕದಪುಸ್ತಕ

ಆಹಾ! ಅಂದ್ರೆ ನನ್ನ 1.2 ಕೆಜಿ ಈಗ 900 ಗ್ರಾಂ ಹತ್ತಿರ ಬಂತು.

ಗ್ಯಾಸ್‌ಗುಂಡಿ

ಅಲ್ರೀ, ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ಬಯೋಗ್ಯಾಸ್ ಹಾಕ್ರಿ. ದಿನಾ ಹಾಕೂದು, ದಿನಾ ಒಲಿ ಹಚ್ಚೂದು. 40,000 ಹುಳಾ ಎಣಸೂದು ಯಾರಿಗೆ ಬೇಕಾಗೇತಿ? ಕೆಳಗ ಬರೂ ಸ್ಲರಿ ಗಿಡಕ್ಕ ಹಾಕ್ರಿ, ಮುಗೀತು.

ಕಸದಸಮಿತಿ

ಅದೂ ಯೋಚನೆ ಮಾಡಿದ್ವಿ. ಒಂದು ಕಡೆ ನೋಡೋಕೆ ಹೋದಾಗ ಅದು ಕೆಟ್ಟು ನಿಂತಿತ್ತು. ಹುಳಿ ಜಾಸ್ತಿಯಾಗಿದೆ ಅಂದ್ರು.

ಗ್ಯಾಸ್‌ಗುಂಡಿ

ಒಮ್ಮಿಗೇ ರಾಶಿ ಅನ್ನ, ಹಣ್ಣು ಸುರಿದಿರ್ತಾರ್ರಿ. ಹಂಗ ಮಾಡಿದ್ರ ಆಮ್ಲ ಮಾಡೂ ಬ್ಯಾಕ್ಟೀರಿಯಾ ಮುಂದ ಓಡತಾವು, ಮೀಥೇನ್ ಮಾಡೂವು ಹಿಂದ ಉಳೀತಾವು. ಸ್ವಲ್ಪ ಸ್ವಲ್ಪ ಹಾಕ್ಬೇಕು. ಅದರ ತಪ್ಪಲ್ಲ ಅದು.

ಮಹಡಿತೋಟ

ಹುಳುವಿಗೂ ಅದೇ ನಿಯಮ, ಸ್ವಲ್ಪ ಸ್ವಲ್ಪ ಹಾಕಬೇಕು. ಹಾಕೋ ಪದರ ದಪ್ಪ ಆದ್ರೆ ಕೆಳಗೆ ಗಾಳಿ ಇಲ್ಲದೆ ಕೊಳೆಯುತ್ತೆ, ಹುಳು ಕೆಳಗೆ ಹೋಗಲ್ಲ, ಗಬ್ಬು ನಾತ ಶುರು. ನಾನು ನಾಲ್ಕು ಬೆರಳಿಗಿಂತ ಎತ್ತರ ಹಾಕಲ್ಲ.

ಎರೆಹುಳುಅಣ್ಣ

ಎರೆಹುಳು ಇರೋವಾಗ ಈ ನೊಣದ ಹುಳು ಯಾಕೆ ಮಾರಾಯ್ರೆ? ಎರೆಗೊಬ್ಬರಕ್ಕೆ ಸಮ ಯಾವುದಿದೆ ಹೇಳಿ?

ಕೀಟಪುರಾಣ

ಬೇಯಿಸಿದ್ದು, ಎಣ್ಣೆ, ಮಾಂಸ, ಹುಳಿ ಹಣ್ಣು ಎರೆಹುಳುವಿಗೆ ಆಗಿಬರಲ್ಲ ಅಣ್ಣ. ಸೋಲ್ಜರ್ ಫ್ಲೈಗೆ ಇದೇ ಇಷ್ಟ. ಮೇಲಾಗಿ ಎರೆಹುಳು ತಿಂಗಳುಗಟ್ಟಲೆ ಮಾಡೋ ಕೆಲಸ ಇವು ವಾರಗಳಲ್ಲಿ ಮುಗಿಸ್ತವೆ. ಆದ್ರೆ ಇವು ನಾರು, ಸೊಪ್ಪಿನ ಗಟ್ಟಿ ಕಾಂಡ, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಮುಟ್ಟಲ್ಲ. ಸೆಲ್ಯುಲೋಸ್ ಅರಗಿಸಿಕೊಳ್ಳೋ ಶಕ್ತಿ ಕಡಿಮೆ. ಇವು ಬಿಟ್ಟಿದ್ದನ್ನ ಸ್ವಲ್ಪ ಹದವಾದ ಮೇಲೆ ಎರೆಹುಳುವಿಗೆ ಕೊಡೋದು ಒಳ್ಳೆ ಜೋಡಿ.

ಎರೆಹುಳುಅಣ್ಣ

ಹಾಗೆ ಹೇಳಿ ಮತ್ತೆ. ಕೊನೆಗೆ ನಮ್ಮ ಹುಳುವೇ ಬೇಕಾಯ್ತಲ್ಲ.

ಕೆಳಮನೆ

ಆ ಉಳಿದ ಗೊಬ್ಬರದ ಬಗ್ಗೆ ಹೇಳಿ. ಪಕ್ಕದವರು ನಮಗೆ ಒಂದು ಚೀಲ ಕೊಟ್ಟಿದ್ರು (ಕಿಟಕಿ ವಿಷಯಕ್ಕೆ ಸಮಾಧಾನ ಮಾಡೋಕೆ ಇರಬೇಕು). ಟೊಮೆಟೊ ಸಸಿಗೆ ಹಾಕಿದೆ, ಎಲೆ ಹಳದಿಯಾಗಿ ಅಂಚು ಸುಟ್ಟ ಹಾಗಾಯ್ತು.

ಮಹಡಿತೋಟ

ಅದು ಹದ ಆಗಿರಲಿಲ್ಲ. ಎರಡು ವಾರದಲ್ಲಿ ಹುಳು ತಿಂದು ಬಿಟ್ಟಿದ್ದು ಅಂದ್ರೆ ಅರ್ಧ ಬೆಂದ ಹಾಗೆ, ಗೊಬ್ಬರ ಆಗಿಲ್ಲ. ಒಳಗೆ ಅಮೋನಿಯಾ ಇರುತ್ತೆ, ಮೂಗಿಗೆ ಚುರ್ ಅನ್ನುತ್ತೆ. ರಾಶಿ ಹಾಕಿ, ಆಗಾಗ ಮಗುಚಿ, ಕೆಲವು ವಾರ ಬಿಡಬೇಕು. ಬಿಸಿ ಇಳಿದು ಮಣ್ಣಿನ ವಾಸನೆ ಬಂದ ಮೇಲೆ ಹಾಕಿ. ಸಸಿಗೆ ಅಂತೂ ಮಣ್ಣಿನ ಜೊತೆ ಬೆರೆಸಿಯೇ.

ಮೈಕ್ರೋಸ್ಕೋಪು

ಹದ ಆದ ಮೇಲೆ ಒಳ್ಳೆ ಗೊಬ್ಬರವೇ. ಹುಳು ಪೊರೆ ಬಿಟ್ಟಿದ್ದು ಅದರಲ್ಲಿ ಇರುತ್ತೆ, ಅದರ ಕೈಟಿನ್ ತಿನ್ನೋ ಸೂಕ್ಷ್ಮಜೀವಿಗಳು ಮಣ್ಣಲ್ಲಿ ಹೆಚ್ಚಾಗ್ತವೆ. ಅದರಿಂದ ಬೇರಿನ ರೋಗ ಕಡಿಮೆ ಆಗುತ್ತೆ ಅಂತ ಮಾರೋರು ಹೇಳ್ತಾರೆ. ಅದು ಮಣ್ಣು, ಬೆಳೆ ನೋಡಿಕೊಂಡು ಬದಲಾಗೋ ವಿಷಯ, ಎಲ್ಲದಕ್ಕೂ ಮದ್ದು ಅಂತ ನಂಬಬೇಡಿ.

ಪಶುವೈದ್ಯೆ

ತಡವಾಗಿ ನೋಡಿದೆ. ಎಲ್ಲರೂ ವಾಸನೆ, ನೊಣ ಅಂತಿದ್ದೀರಿ, ನನಗೆ ಚಿಂತೆ ಇರೋದು ಹುಳು ಆಮೇಲೆ ಯಾರ ಹೊಟ್ಟೆಗೆ ಹೋಗುತ್ತೆ ಅನ್ನೋದರ ಬಗ್ಗೆ.

ಹುಳು ಕಸದಲ್ಲಿರೋದನ್ನೆಲ್ಲ ಶುದ್ಧ ಮಾಡಿಬಿಡುತ್ತೆ ಅನ್ನೋ ನಂಬಿಕೆ ಇದೆ. ಸಾಲ್ಮೊನೆಲ್ಲಾ, ಇ. ಕೊಲೈ ಥರದ ಬ್ಯಾಕ್ಟೀರಿಯಾ ಸಗಣಿ-ಕಸದಲ್ಲಿ ಕಡಿಮೆ ಆಗೋದು ಪ್ರಯೋಗಗಳಲ್ಲಿ ಕಂಡಿದೆ, ಆದ್ರೆ ಪೂರ್ತಿ ಹೋಗುತ್ತೆ ಅಂತಲ್ಲ. ಹುಳುವಿನ ಕರುಳಲ್ಲೇ ಉಳಿದಿರಬಹುದು. ಹಾಗಾಗಿ ಮೇವಿಗೆ ಬಳಸೋರು ಕುದಿಯೋ ನೀರಲ್ಲಿ ಅದ್ದಿ ಆಮೇಲೆ ಒಣಗಿಸ್ತಾರೆ. ಬಿಸಿಲಲ್ಲಿ ಹಾಗೇ ಹರಡಿದ್ರೆ ಒಣಗೋ ಮೊದಲೇ ಕೆಡುತ್ತೆ, ಕೊಬ್ಬು ಕಮಟು ಹಿಡಿಯುತ್ತೆ.

ಎರಡನೇದು ಭಾರ ಲೋಹ. ಕ್ಯಾಡ್ಮಿಯಂ ಈ ಹುಳುವಿನ ಮೈಯಲ್ಲಿ ತಿಂದ ಮೇವಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೂಡುತ್ತೆ. ಬೇಯಿಸಿದ್ರೂ ಹೋಗಲ್ಲ. ಬ್ಯಾಟರಿ, ಬಣ್ಣ, ಬೀದಿ ಗುಡಿಸಿದ ಧೂಳು ಹಸಿ ಕಸದ ಜೊತೆ ಬೆರೆತರೆ ಅದೇ ಕೋಳಿಗೂ ಹೋಗುತ್ತೆ, ಮೊಟ್ಟೆ-ಮಾಂಸದ ಜೊತೆ ನಮಗೂ ಬರುತ್ತೆ.

ಮೂರನೇದು ಯುರೋಪಿನ ಕಾನೂನು. 2017ರಲ್ಲಿ ಮೀನಿನ ಮೇವಿಗೆ, 2021ರಲ್ಲಿ ಕೋಳಿ ಮತ್ತು ಹಂದಿ ಮೇವಿಗೆ ಕೀಟದ ಪ್ರೋಟೀನ್ ಬಿಟ್ಟರು. ಆದ್ರೆ ಆ ಕೀಟಕ್ಕೆ ಅಡುಗೆಮನೆ ಎಂಜಲು, ಸಗಣಿ ಹಾಕೋ ಹಾಗಿಲ್ಲ! ಯಾಕಂದ್ರೆ ಅವರ ಲೆಕ್ಕದಲ್ಲಿ ಹುಳು ಕೂಡ ಸಾಕುಪ್ರಾಣಿ. 1986ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಹುಚ್ಚು ಹಸು ರೋಗ ಹಸುವಿಗೆ ಹಸುವಿನ ಮೂಳೆ-ಮಾಂಸದ ಪುಡಿ ತಿನ್ನಿಸಿದ್ರಿಂದ ಹರಡಿದ್ದು. ಆ ಪಾಠದಿಂದ ಹುಟ್ಟಿದ ನಿಯಮಗಳೇ ಇವು.

ಕೋಳಿಗೂಡು

ಮೇಡಂ, ನಮ್ಮ ಕೋಳಿಗಳು ಕೆದಕಿ ಕೆದಕಿ ಇದೇ ಹುಳು ಹುಡುಕಿ ತಿಂತವೆ. ಬಕೆಟ್ ಸದ್ದು ಕೇಳಿದ್ರೆ ಓಡಿ ಬರ್ತವೆ. ಏನೂ ಆಗಿಲ್ಲ. ಯುರೋಪಿನವರು ಅತಿ ಮಾಡ್ತಾರೆ.

ಪಶುವೈದ್ಯೆ

ನಿಮ್ಮ ಮನೆ ಹತ್ತು ಕೋಳಿ, ನಿಮ್ಮದೇ ಅಡುಗೆಮನೆ ಕಸ, ಏನು ಹಾಕಿದ್ದೀರಿ ಅಂತ ನಿಮಗೇ ಗೊತ್ತು. ಅದಕ್ಕೂ, ಯಾರ್ಯಾರೋ ಕಟ್ಟಿಟ್ಟ ಚೀಲದಲ್ಲಿ ಏನೇನಿದೆಯೋ ಗೊತ್ತಿಲ್ಲದ ಕಸ ತಿಂದ ಹುಳುವಿಗೂ ವ್ಯತ್ಯಾಸ ಇಲ್ವಾ? ಪ್ರಶ್ನೆ ಕೇಳಿದವರದ್ದು ಎರಡನೇ ಥರದ್ದು.

ಇನ್ನೊಂದು: ಬರೀ ಹುಳುವನ್ನೇ ಹಾಕಬೇಡಿ. ಕೊಬ್ಬು ಜಾಸ್ತಿ. ದಿನದ ಮೇವಿನಲ್ಲಿ ಒಂದು ಪಾಲು ಮಾತ್ರ ಇರಲಿ.

ಕೋಳಿಗೂಡು

ಅದೇನೋ ಸರಿ. ಆದ್ರೆ ಹುಳು ಹಾಕಿದ ಮೇಲೆ ಮೊಟ್ಟೆ ಚಿಪ್ಪು ಗಟ್ಟಿ ಆಗಿದೆ ಅನ್ನಿಸುತ್ತೆ.

ಮೈಕ್ರೋಸ್ಕೋಪು

ಈ ಹುಳುವಿನ ಚರ್ಮದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಾ ಇರುತ್ತೆ, ಬೇರೆ ಮೇವಿನ ಹುಳುಗಳಿಗಿಂತ ಬಹಳ ಹೆಚ್ಚು. ಹಲ್ಲಿ-ಓತಿ ಸಾಕೋರು ಅದಕ್ಕೇ ಇದನ್ನ ಹುಡುಕಿ ತರೋದು. ಆದ್ರೆ ಹುಳು ತಿಂದ ಕಸದಲ್ಲಿ ಕ್ಯಾಲ್ಸಿಯಂ ಇದ್ರೆ ತಾನೇ ಅದರ ಮೈಗೆ ಬರೋದು.

ಸುಮ್ನೆಕೇಳ್ದೆ

ಓತಿ ಸಾಕೋರು ಬೇರೆ ಇದ್ದಾರಾ! ಈ ಗುಂಪಿಗೆ ಯಾಕಾದ್ರೂ ಬಂದೆನೋ.

ರಾತ್ರಿಪಾಳಿ

ಒಂದು ಎಚ್ಚರಿಕೆ ಯಾರೂ ಹೇಳಿಲ್ಲ. ಒದ್ದೆ ಗೋಡೆ. ಒಣಗಿದ್ದರೆ ಪ್ಲಾಸ್ಟಿಕ್ ಡ್ರಮ್ಮಿನ ನೆಟ್ಟಗಿನ ಗೋಡೆ ಹತ್ತೋಕೆ ಇವಕ್ಕೆ ಆಗಲ್ಲ. ಒಳಗಿನ ಕಾವಿಗೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಗೋಡೆ ಒದ್ದೆಯಾದ್ರೆ ಸಾಕು, ಮೈಗೆ ಅಂಟಿಕೊಂಡು ಸಲೀಸಾಗಿ ಹತ್ತಿಬಿಡ್ತವೆ. ಅದೂ ಕತ್ತಲಾದ ಮೇಲೆ. ನಾನು ಕೆಲಸ ಮಾಡೋ ಕ್ಯಾಂಟೀನ್ ಹಿಂದೆ ಡ್ರಮ್ ಇಟ್ಟಿದ್ರು. ಬೆಳಗಿನ ಜಾವ ಹಿಂದಿನ ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆಲ್ಲ ಕಪ್ಪು ಹುಳು, ಮೂಲೆ ಮೂಲೆ ಹುಡುಕಿಕೊಂಡು ಹೋಗ್ತಾ ಇದ್ವು. ಬಾಯಿಯ ತುದಿ ಕೊಕ್ಕೆ ಥರ ಆಗಿರುತ್ತೆ ಆ ಹಂತದಲ್ಲಿ, ಅದನ್ನ ನೆಲಕ್ಕೆ ಊರಿ ಮೈ ಎಳೆದುಕೊಳ್ಳುತ್ತೆ. ಬರಿಗಾಲಲ್ಲಿ ಮೆಟ್ಟಿದವರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಪರಿಹಾರ ಸರಳ. ಗಾಳಿ ಕಿಂಡಿ ಬಿಡಿ, ಕಸದಲ್ಲಿ ನೀರು ಕಡಿಮೆ ಮಾಡಿ, ಅಂಚಿಗೆ ಒಳಮುಖವಾಗಿ ಒಂದು ಮಡಿಕೆ ಇರಲಿ.

ಕಸದಸಮಿತಿ

ಇದನ್ನ ಮಾತ್ರ ಮೀಟಿಂಗ್‌ನಲ್ಲಿ ಹೇಳಲ್ಲ 🙏

ಹೊಸಬ್ಬ

ಕಾವು ಜಾಸ್ತಿ ಆದ್ರೆ ಹುಳು ಸಾಯುತ್ತಾ?

ಕೀಟಪುರಾಣ

40 ಡಿಗ್ರಿ ದಾಟಿದ್ರೆ ಆಚೆ ಓಡೋಕೆ ಶುರು. 45 ದಾಟಿ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲದಿದ್ರೆ ಸಾಯ್ತವೆ. ನೇರ ಬಿಸಿಲು ಬೀಳೋ ಕಡೆ ಇಡಬೇಡಿ. ಕೆಳಗೆ 15-20ಕ್ಕೆ ಇಳಿದ್ರೆ ತಿನ್ನೋದು ಬಹಳ ನಿಧಾನ. ಚಳಿಗಾಲದಲ್ಲಿ ಕಸ ಮಾತ್ರ ಅಷ್ಟೇ ಬರುತ್ತೆ, ಹುಳು ಅರ್ಧ ತಿನ್ನುತ್ತೆ. ಆ ದಿನಗಳಿಗೆ ಬೇರೆ ದಾರಿ ಇಟ್ಟುಕೊಂಡಿರಬೇಕು.

ಮತ್ತೆ ಇರುವೆ! ತೊಟ್ಟಿಯ ಕಾಲನ್ನ ನೀರಿನ ತಟ್ಟೆಯಲ್ಲಿ ಇಡಿ. ಮೊಟ್ಟೆ, ಮರಿಹುಳು ಸಿಕ್ಕರೆ ಇರುವೆ ಒಂದೂ ಬಿಡಲ್ಲ.

ದಯೆಗುಡಿ

ಒಂದು ಮಾತು ಕೇಳ್ಲಾ? ಇಷ್ಟೊಂದು ಜೀವ ಹುಟ್ಟಿಸಿ, ಕುದಿಯೋ ನೀರಿಗೆ ಹಾಕೋದು ಸರಿನಾ? ದಿನಕ್ಕೆ 40,000 ಅಂತ ಮೇಲೆ ಲೆಕ್ಕ ಹಾಕಿದ್ದಾರೆ. ಓದಿ ಒಂಥರಾ ಆಯ್ತು.

ಕೋಳಿಗೂಡು

ಕಾಂಪೋಸ್ಟ್‌ನಲ್ಲೂ ಜೀವ ಸಾಯುತ್ತೆ ಅಲ್ವಾ, ಎಣಿಸೋರಿಲ್ಲ ಅಷ್ಟೇ.

ದಯೆಗುಡಿ

ಎಣಿಸೋರಿಲ್ಲ ಅನ್ನೋದು ಉತ್ತರ ಅಲ್ಲ.

ಪಶುವೈದ್ಯೆ

ಕೇಳಬೇಕಾದ ಪ್ರಶ್ನೆಯೇ. ಕೀಟಕ್ಕೆ ನೋವು ಆಗುತ್ತಾ ಅನ್ನೋದು ವಿಜ್ಞಾನಿಗಳಲ್ಲೇ ಇನ್ನೂ ಚರ್ಚೆಯಲ್ಲಿದೆ. ಅದಕ್ಕೇ ಕುದಿಯೋ ನೀರಿಗೆ ಒಂದೇ ಸಲ, ಸ್ವಲ್ಪ ಸ್ವಲ್ಪ ಪ್ರಮಾಣದಲ್ಲಿ ಹಾಕಬೇಕು ಅನ್ನೋದು, ಕ್ಷಣದಲ್ಲಿ ಮುಗೀಬೇಕು. ಉಗುರುಬೆಚ್ಚಗಿನ ನೀರಿಗೆ ರಾಶಿ ಸುರಿಯೋದು, ಬಿಸಿಲಲ್ಲಿ ನಿಧಾನಕ್ಕೆ ಒಣಗಿಸೋದು ಎರಡೂ ಬೇಡ.

ತಟ್ಟೆಖಾಲಿಮಾಡಿ

ಎಲ್ಲ ಸರಿ, 60 ಕೆಜಿ ಯಾಕೆ ಬರುತ್ತೆ ಅಂತ ಯಾರೂ ಕೇಳಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯ್ತು, ಅದರಲ್ಲಿ 60% ಮನೆಗಳಿಂದಲೇ. ಹುಳುವಿಗೆ ತಿನ್ನೋಕೆ ಕೊಡೋ ಮೊದಲು ಮನುಷ್ಯರ ಹೊಟ್ಟೆಗೆ ಹೋಗಬೇಕಿತ್ತು ಅದು.

ಲೆಕ್ಕದಪುಸ್ತಕ

ಒಪ್ಪಿದೆ, ಆದ್ರೆ ಆ ಅಂಕಿಯಲ್ಲಿ ಸಿಪ್ಪೆ, ಮೂಳೆ, ಬೀಜ ಥರದ ತಿನ್ನೋಕಾಗದ ಭಾಗವೂ ಸೇರಿದೆ. ನೀವು ಎಷ್ಟೇ ಜಾಗ್ರತೆ ಮಾಡಿದ್ರೂ ಬಾಳೆಹಣ್ಣಿನ ಸಿಪ್ಪೆ ತಿನ್ನಲ್ಲ ತಾನೇ? ಅದಕ್ಕೊಂದು ದಾರಿ ಬೇಕೇ ಬೇಕು.

ತಟ್ಟೆಖಾಲಿಮಾಡಿ

ಸಿಪ್ಪೆಗೆ ಹುಳು ಇಡಿ, ಬೇಡ ಅಂದವರು ಯಾರು? ನನ್ನ ಭಯ ಏನಂದ್ರೆ, ತೊಟ್ಟಿ ಬಂದ ಮೇಲೆ ಜನ ‘ಹೇಗೂ ಹುಳು ತಿನ್ನುತ್ತಲ್ಲ’ ಅಂತ ಇನ್ನೂ ಜಾಸ್ತಿ ಬಿಸಾಕ್ತಾರೆ.

ಕಸದಸಮಿತಿ

ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಪ್ರಾಯೋಗಿಕವಾಗಿ ಕೇಳ್ತೀನಿ. 48 ಕ್ರೇಟ್ ನಮ್ಮಿಂದ ಆಗದ ಮಾತು. ಮನೆ ಮನೆಯಿಂದ ಬೇರೆ ಮಾಡಿ ಕೊಡೋ ಹಣ್ಣು-ತರಕಾರಿ, ಮಿಕ್ಕ ಅನ್ನ ಇಷ್ಟಕ್ಕೇ, ದಿನಕ್ಕೆ 10-15 ಕೆಜಿ ಮಟ್ಟಕ್ಕೆ ಶುರು ಮಾಡಿದ್ರೆ? ಮಿಕ್ಕಿದ್ದು ಈಗಿನ ಕಾಂಪೋಸ್ಟ್‌ಗೇ ಹೋಗಲಿ. ಮರಿಹುಳು ಹೊರಗಿಂದ ತರಿಸೋದಾ, ನೊಣ ನಾವೇ ಸಾಕೋದಾ?

ರಾತ್ರಿಪಾಳಿ

ಮೊದಲು ತರಿಸಿ. ನೊಣ ಸಾಕೋದು ಬೇರೆಯೇ ಕಸುಬು. ಕ್ಯಾಂಟೀನ್‌ನಲ್ಲಿ ಕಸ ಕರಗಿಸೋದು ಎಲ್ಲರಿಗೂ ಬಂತು, ಮೊಟ್ಟೆ ತೆಗೆಯೋದು ಯಾರಿಗೂ ಬರಲಿಲ್ಲ. ಮತ್ತೆ ಕಸ ಹಾಕೋ ಮೊದಲು ನೀರು ಬಸಿಯಿರಿ, ದೊಡ್ಡ ತುಂಡು ಕೊಚ್ಚಿ. ಹಿಡಿಯಲ್ಲಿ ಹಿಂಡಿದ್ರೆ ಬೆರಳ ಸಂದಿಯಿಂದ ಒಂದೆರಡು ಹನಿ ಬಂದ್ರೆ ಸಾಕು, ಧಾರೆ ಬಂದ್ರೆ ಹೊಟ್ಟು ಬೆರೆಸಿ. ತುಂಬಾ ಒದ್ದೆ ಇದ್ರೆ ಕೊನೆಗೆ ಜರಡಿ ಹಿಡಿಯೋಕೆ ಆಗಲ್ಲ, ಹುಳುವೂ ಹಿಕ್ಕೆಯೂ ಕೆಸರಾಗಿ ಕೂರುತ್ತೆ.

ಪಶುವೈದ್ಯೆ

ಬೇರೆ ಮಾಡಿದ್ದೇ ಬರುತ್ತೆ ಅಂತ ಗ್ಯಾರಂಟಿ ಇದ್ರೆ ಮಾತ್ರ ಹುಳು ಮೇವಿಗೆ ಕೊಡಿ, ಅದೂ ನಿಮ್ಮಲ್ಲಿ ಇದಕ್ಕೆ ಏನು ನಿಯಮ ಇದೆ ಅಂತ ವಿಚಾರಿಸಿಕೊಂಡು. ಇಲ್ಲಾಂದ್ರೆ ಹುಳುವನ್ನೂ ಗೊಬ್ಬರದ ರಾಶಿಗೇ ಸೇರಿಸಿ. ಮೇವಿನ ಆಸೆ ಬಿಟ್ಟರೂ ಕಸ ಇಳಿಯೋ ಲಾಭ ಹಾಗೇ ಇರುತ್ತೆ.

ಮೀನ್‌ತೊಟ್ಟಿ

ನನಗೆ ಕೊಡಿ, ಗೊಬ್ಬರಕ್ಕೆ ಯಾಕೆ! ನಮ್ಮ ಮೀನುಗಳು ಜೀವ ಬಿಡ್ತವೆ ಇದಕ್ಕೆ. ಒಂದು ಅನುಮಾನ: ಮೀನಿನ ಎಣ್ಣೆಯಲ್ಲಿರೋ ಒಮೆಗಾ-3 ಈ ಹುಳುವಿನಲ್ಲಿ ಇದೆಯಾ?

ಮೈಕ್ರೋಸ್ಕೋಪು

ಬಹಳ ಕಡಿಮೆ. ಇದರ ಕೊಬ್ಬಲ್ಲಿ ಹೆಚ್ಚಿರೋದು ಲಾರಿಕ್ ಆಮ್ಲ, ಕೊಬ್ಬರಿ ಎಣ್ಣೆಯಲ್ಲಿ ಇರೋದೇ. ಆದ್ರೆ ಹುಳುವಿಗೆ ಮೀನಿನ ತ್ಯಾಜ್ಯ ಬೆರೆಸಿ ತಿನ್ನಿಸಿದ್ರೆ ಅದರ ಮೈಯಲ್ಲಿ ಒಮೆಗಾ-3 ಏರುತ್ತೆ ಅಂತ 2007ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಮೀನ್‌ತೊಟ್ಟಿ

ಅಂದ್ರೆ ಮೀನಿನ ತಲೆ ಹುಳುವಿಗೆ, ಹುಳು ಮೀನಿಗೆ. ಹುಚ್ಚು ಹಸು ಥರ ಹುಚ್ಚು ಮೀನು ಆಗಲ್ವಾ? 😄

ಪಶುವೈದ್ಯೆ

ತಮಾಷೆಗೆ ಕೇಳಿದ್ರೂ ಅದೇ ಜಾತಿಯ ಮೀನಿನ ತ್ಯಾಜ್ಯ ಅದೇ ಜಾತಿಗೆ ಸುತ್ತಿಸಬೇಡಿ. ಪ್ರಿಯಾನ್ (ಹುಚ್ಚು ಹಸು ರೋಗ ತರೋ ಕೆಟ್ಟ ಪ್ರೋಟೀನ್) ಪಕ್ಕಕ್ಕಿಡಿ, ಮೀನಿನ ಬೇರೆ ರೋಗಗಳೇ ಸಾಕಷ್ಟಿವೆ.

ಹೊಸಬ್ಬ

ನೊಣ ಸಾಕೋ ವಿಷಯಕ್ಕೆ ಬರ್ತೀನಿ. ನಾನು ಬಲೆ ಪಂಜರದಲ್ಲಿ ಒಂದಿಷ್ಟು ಬಿಟ್ಟಿದ್ದೀನಿ, ಕೋಣೆ ಒಳಗೆ, ಟ್ಯೂಬ್‌ಲೈಟ್ ಹಾಕಿ. ಹಾರಾಡ್ತವೆ, ಮೊಟ್ಟೆ ಮಾತ್ರ ಇಡ್ತಿಲ್ಲ. ಮೊಟ್ಟೆ ಇಡೋಕೆ ರಟ್ಟು ಕೂಡ ಇಟ್ಟಿದ್ದೀನಿ.

ಕೀಟಪುರಾಣ

ಬೆಳಕು ಸಾಲ್ತಿಲ್ಲ. ಇವು ಜೋಡಿಯಾಗೋದು ಸೂರ್ಯನ ಬೆಳಕಲ್ಲಿ, ಕೋಶದಿಂದ ಹೊರಬಂದು ಎರಡು ದಿನದ ಆಸುಪಾಸು. ಸಾಮಾನ್ಯ ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ಸಾಕು, ಅವಕ್ಕೆ ಬೇಕಾದ ನೇರಳಾತೀತ, ನೀಲಿ, ಹಸಿರು ಬೆಳಕು ಅದರಲ್ಲಿ ಸಾಕಷ್ಟು ಇರಲ್ಲ. ಪಂಜರವನ್ನ ಬೆಳಗಿನ ಬಿಸಿಲು ಬರೋ ಕಡೆ ಸಾಗಿಸಿ, ಬಿಸಿ ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ, ಬಲೆ ಮೇಲೆ ಆಗಾಗ ನೀರು ಚಿಮುಕಿಸಿ.

ಹೊಸಬ್ಬ

ಪಂಜರದ ತಳದಲ್ಲಿ ಕೊಳೆತ ಕಸ ಇಡಬೇಕಾ ಇಲ್ಲ ಬರೀ ರಟ್ಟು ಸಾಕಾ?

ರಾತ್ರಿಪಾಳಿ

ಇಡಬೇಕು, ವಾಸನೆಗೇ ಹೆಣ್ಣು ಬರೋದು. ಕಸದ ಡಬ್ಬಕ್ಕೆ ಬಲೆ ಮುಚ್ಚಿ, ಅದರ ಮೇಲೆ ಒಣ ರಟ್ಟಿನ ತುಂಡು ಇಡಿ. ಅಡ್ಡ ಕತ್ತರಿಸಿದ್ರೆ ಸಣ್ಣ ಸಣ್ಣ ಕೊಳವೆ ಕಾಣುತ್ತಲ್ಲ, ಅಂಥ ರಟ್ಟು. ಮೊಟ್ಟೆ ಆ ಕೊಳವೆ ಒಳಗೇ ಇರುತ್ತೆ, ಕೆನೆ ಬಣ್ಣದ ಗೊಂಚಲು. ನಾಲ್ಕು ದಿನ ಆಗೋ ಮೊದಲು ತೆಗೆದು ಮರಿ ಡಬ್ಬದ ಮೇಲೆ ಇಟ್ಟುಬಿಡಿ, ರಟ್ಟು ಮಾತ್ರ ಒದ್ದೆ ಆಗದೇ ಇರಲಿ.

ಹೊಸಬ್ಬ

ಸರಿ, ನಾಳೆ ಪಂಜರ ಬಾಲ್ಕನಿಗೆ. ಮನೆಯವರನ್ನ ಒಪ್ಪಿಸೋದು ಹೇಗೆ ಅನ್ನೋದಕ್ಕೆ ಬೇರೆ ಚರ್ಚೆ ಶುರು ಮಾಡ್ತೀನಿ.